ಅಧ್ಯಕ್ಷರ ಮಣೆ ಮತ್ತು ಬಸ್ಸಿನ ಸುಮಿತ್ರಕ್ಕ

ಕಡಲಾಚೆಯ ರೆಕ್ಸ್‌ಡೇಲಿನ ನಮ್ಮ ಕನ್ನಡ ಬಳಗದವರು ಹೊಸಬರು ಸಿಕ್ಕಾಗಲೆಲ್ಲ ಎದೆಯುಬ್ಬಿಸಿ ಹೇಳುವ ಕಥೆಯೊಂದಿದೆ: "ನಾವು ಕ್ರಿಶ್ಚಿಯನ್ ಹೆಣ್ಣುಮಗಳನ್ನ ಅಧ್ಯಕ್ಷೆ ಮಾಡಿದವರು. ಯಾರೂ ಅವರ ಧರ್ಮ ನೋಡಲಿಲ್ಲ." ಮೊದಲನೆಯ ವಾಕ್ಯ ನಿಜ. ಎರಡನೆಯದು ಶುದ್ಧ ಸುಳ್ಳು. ಎಲ್ಲರೂ ನೋಡಿದರು. ಕನ್ನಡಕ ಒರೆಸಿಕೊಂಡು ನೋಡಿದರು. ನೋಡಿದ್ದರಿಂದಲೇ ಸುಮಿತ್ರಕ್ಕ ಗೆದ್ದದ್ದು ಎಂಬುದು ನನ್ನ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಬಡಕಲು ವಾದಗಳನ್ನು ಹಿಡಿದು ಕಪ್ಪು ಗೆದ್ದವಳು ನಾನು. ಇದನ್ನು ಬಿಟ್ಟುಕೊಡುವ ಮಾತೇ ಇಲ್ಲ.

ಸುಮಿತ್ರಕ್ಕ ಧಾರವಾಡದವರು. ಸ್ಕೂಲ್ ಬಸ್ ಓಡಿಸುತ್ತಿದ್ದರು. ಯಾವ ಕಾರ್ಯಕ್ರಮ ಮುಗಿದರೂ ಸಭಾಂಗಣದ ಕೊನೆಯ ಸಾಲಿನವರೆಗೆ ನಡೆದು, ಒಂದೊಂದು ಕುರ್ಚಿಯ ಕೆಳಗೂ ಬಗ್ಗಿ ನೋಡಿ ಬರುತ್ತಿದ್ದರು. ಬಸ್ಸಿನಲ್ಲಿ ಮಗು ನಿದ್ದೆಹೋಗಿ ಉಳಿದುಬಿಟ್ಟೀತೆಂದು ಚಾಲಕರು ಹಾಗೆ ನೋಡಲೇಬೇಕಂತೆ. ಆ ಅಭ್ಯಾಸ ಆಕೆಗೆ ಮೈಗೇ ಅಂಟಿತ್ತು. ಮದುವೆಯ ಆರತಕ್ಷತೆಯಲ್ಲೂ, ಸಿನಿಮಾ ಥಿಯೇಟರಿನಲ್ಲೂ ಬಗ್ಗುತ್ತಿದ್ದರು. ಕೈಗವಸು, ಹಾಲಿನ ಬಾಟಲಿ, ಒಂದು ಸಲ ಗಾಢ ನಿದ್ದೆಯಲ್ಲಿದ್ದ ನಮ್ಮ ಖಜಾಂಚಿ, ಎಲ್ಲವೂ ಆಕೆಗೆ ಸಿಕ್ಕಿದ್ದವು. ಸಭೆ ಶುರುವಾಗಬೇಕಾದರೆ ಮೈಕು ಬೇಡ, ಅವರ ಕಂಠವೇ ಸಾಕು: "ಕುಂದರ್ರಿ ಎಲ್ಲಾರೂ! ಕುಂದ್ರದಿದ್ರ ಗಾಡಿ ಬಿಡಂಗಿಲ್ಲ ನಾ!"

ಒಂದು ದೀಪಾವಳಿಯಲ್ಲಿ ಊಟ ಮುಗಿಸಿ, ಮಕ್ಕಳನ್ನೂ ಕುಕ್ಕರುಗಳನ್ನೂ ಕಾರಿಗೆ ತುಂಬಿ ಎಲ್ಲರೂ ಹೊರಟೆವು. ಸುಮಿತ್ರಕ್ಕನ ತಪಾಸಣೆಯಲ್ಲಿ ಆ ದಿನ ಸಿಕ್ಕಿದ್ದು ಒಬ್ಬ ಜೀವಂತ ಅಜ್ಜಿ. ವೇದಿಕೆಯ ಪರದೆಯ ಹಿಂದೆ ಕಾಲು ಚಾಚಿ ಕೂತು ಕರ್ಜಿಕಾಯಿ ತಿನ್ನುತ್ತಿದ್ದರು. ಯಾರ ಅಜ್ಜಿ? ಆಗಿನ ಅಧ್ಯಕ್ಷ, ಓಕ್‌ವಿಲ್ಲಿನ ದೇಸಾಯಿ ಅಂಕಲ್ ಅವರ ಅತ್ತೆ! ಅವರು ಮಗನ ಕಾರಿನಲ್ಲಿದ್ದಾರೆಂದು ಅಂಕಲ್, ಅಪ್ಪನ ಕಾರಿನಲ್ಲಿದ್ದಾರೆಂದು ಮಗ. ಅಜ್ಜಿಯನ್ನು ಓಕ್‌ವಿಲ್ಲಿಗೆ ಬಿಟ್ಟು ಬಂದ ಸುಮಿತ್ರಕ್ಕ ಮುಂದಿನ ಚುನಾವಣೆಗೆ ನಿಂತೇಬಿಟ್ಟರು. "ಅಧ್ಯಕ್ಷರಿಗೆ ಮಣಿ ಮ್ಯಾಲ ಕುಂದ್ರೂದು ಗೊತ್ತೈತಿ, ಅಜ್ಜಿ ಎಲ್ಲಿ ಕುಂತಾಳ ಗೊತ್ತಿಲ್ಲ" ಎಂಬುದು ಅವರ ಪ್ರಣಾಳಿಕೆ.

ಈ ಮಣೆಯ ವಿಷಯ ಹೇಳಬೇಕು. ಗಣೇಶ ಚೌತಿಯ ದಿನ ಅಧ್ಯಕ್ಷ ದಂಪತಿಗಳು ಮಣೆಯ ಮೇಲೆ ಕೂತು ಪೂಜೆ ಮಾಡುವುದು ಬಳಗದ ಪದ್ಧತಿ. ಫೋಟೋ ಬರುತ್ತದೆ, ಊರಿಗೆ ಹೋಗುತ್ತದೆ, ಫ್ರೇಮಾಗುತ್ತದೆ. ಅಧ್ಯಕ್ಷಗಿರಿಯ ಮಿಕ್ಕಿದ್ದೆಲ್ಲ ಹಾಲ್ ಬುಕಿಂಗು, ಪಾರ್ಕಿಂಗು ಮತ್ತು ಬೈಗುಳ. ದೇಸಾಯಿ ಅಂಕಲ್ ಮತ್ತೆ ನಿಂತಿದ್ದು ಮಣೆಗಾಗಿಯೇ ಎಂದು ಅವರ ಹೆಂಡತಿಯೇ ಹೇಳುತ್ತಿದ್ದರು. ನಾನೂ ಆಗ ಅಂಕಲ್ ಕಡೆಗಿದ್ದೆ. ಕನಿಷ್ಠ ಅವರು ಶುರುಮಾಡಿದ ವಾಕ್ಯವನ್ನು ಮುಗಿಸುತ್ತಾರೆ ಎಂಬುದು ನನ್ನ ಸಮರ್ಥನೆ.

ಮತದಾನವನ್ನು ಭಾನುವಾರ ಬೆಳಿಗ್ಗೆಗೆ ಇಡೋಣವೆಂದು ಸಮಿತಿ ಹೇಳಿತು.

"ಭಾನುವಾರ ಮುಂಜಾನೆ ಬ್ಯಾಡ್ರಿ. ಚರ್ಚ್ ಐತಿ" ಎಂದರು ಸುಮಿತ್ರಕ್ಕ.

ಚಹಾದ ಕಪ್ಪುಗಳು ಅಲ್ಲಲ್ಲೇ ನಿಂತವು. ಖಜಾಂಚಿ ಆಸೆಯಿಂದ ಕೇಳಿದರು, "ಚರ್ಚಿನವರ ಬಸ್ಸೂ ಓಡಿಸ್ತೀರೇನು, ಅಕ್ಕಾರ?"

"ಇಲ್ರೀ. ಪ್ರಾರ್ಥನಾ ಮಾಡ್ತೀನಿ. ನಮ್ಮ ಅಜ್ಜನ ಕಾಲದಿಂದ ಮಾಡ್ಕೋತ ಬಂದೀವಿ."

ಆಗ ಆದ ಗಲಿಬಿಲಿಯನ್ನು ನೆನೆದರೆ ಈಗಲೂ ನಗು ತಡೆಯಲಾಗದು. ಹತ್ತು ವರ್ಷ ಆಕೆಯ ರೊಟ್ಟಿ ತಿಂದಿದ್ದ ನಮ್ಮವರಲ್ಲಿ ಪ್ರತಿಯೊಬ್ಬರೂ ಆಕೆ ತಮ್ಮವಳೇ ಎಂದು ತೀರ್ಮಾನಿಸಿ ಕೂತಿದ್ದರು! ಜೋಳದ ರೊಟ್ಟಿ, ಶೇಂಗಾ ಹಿಂಡಿಯ ರುಚಿ ನೋಡಿ ಲಿಂಗಾಯತರೆಂದು ಕೆಲವರು. ಪಿಕ್ನಿಕ್ಕಿನಲ್ಲಿ ಕೋಳಿ ಮುಟ್ಟಲಿಲ್ಲವೆಂದು ತಮ್ಮ ಪೈಕಿಯೆಂದು ದೇಸಾಯಿ ಆಂಟಿ. ಆ ಕೋಳಿ ಸುಟ್ಟು ಕರಕಲಾಗಿತ್ತು, ಅದಕ್ಕೆ ಮುಟ್ಟಿರಲಿಲ್ಲ. ಬೊಟ್ಟಿಲ್ಲದ ಹಣೆಯನ್ನು ಬಸ್ ಕಂಪನಿಯ ನಿಯಮವೆಂದು ನಂಬಿದವರೂ ಇದ್ದರು. ಆಕೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

ಮರುದಿನದಿಂದ ಪಿಸುಮಾತು. "ಒಳ್ಳೇ ಹೆಂಗಸು, ಆದರೆ ಗಣಪತಿ ಕಥೆ ಏನು?" ನಾನು ಆ ಕ್ಷಣವೇ ಪಕ್ಷ ಬದಲಿಸಿದೆ. ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನಿಂದ ಓಡಿಹೋಗಿ ಆಕೆಯ ಬಾಗಿಲು ಬಡಿದು, "ಅಕ್ಕಾ, ನಿಮ್ಮ ಪರ ನಾನು ಮಾತಾಡ್ತೀನಿ. ನೀವು ಸುಮ್ನೆ ಕೂತ್ಕೊಳ್ಳಿ ಸಾಕು" ಎಂದೆ.

"ಸುಮ್ನ ಕುಂದ್ರೂದು ನನಗ ಬರಂಗಿಲ್ಲ ತಂಗಿ, ಆದ್ರೂ ನೋಡೋಣಂತ" ಎಂದು ರೊಟ್ಟಿ ಹಾಕಿಕೊಟ್ಟರು.

ಮತದಾನ ಶನಿವಾರಕ್ಕೆ ಬಂತು. ಅದಕ್ಕೆ ಮುಂಚೆ ಅಭ್ಯರ್ಥಿಗಳಿಗೆ ಪ್ರಶ್ನೋತ್ತರ. ನಾನು ಎದ್ದುನಿಂತು ಮಿಂಚಿದೆ. ಪೂಜೆ ಬಳಗದ ನಿಯಮಾವಳಿಯಲ್ಲಿಲ್ಲ. ಧರ್ಮ ಖಾಸಗಿ. ಬಸ್ ಓಡಿಸುವವರ ಧರ್ಮ ಕೇಳಿ ನಿಮ್ಮ ಮಕ್ಕಳನ್ನು ಹತ್ತಿಸುತ್ತೀರಾ? ಅಭ್ಯರ್ಥಿಯ ಧರ್ಮಕ್ಕೂ ಮತಕ್ಕೂ ಯಾವ ಸಂಬಂಧವೂ ಇಲ್ಲ! ಚಪ್ಪಾಳೆ ಬಿತ್ತು. ಕಪ್ಪು ನನ್ನದೇ ಅನ್ನಿಸಿತು.

ಸುಮಿತ್ರಕ್ಕ ಎದ್ದರು. "ತಂಗಿ ಭಾಳ ಚಂದ ಮಾತಾಡಿದ್ಲು. ಆದ್ರ ನಾ ಒಪ್ಪಂಗಿಲ್ಲ."

ಸಭೆ ಹೋ ಎಂದು ನಕ್ಕಿತು. ನಾನು ಕುರ್ಚಿಯಲ್ಲಿ ಕುಸಿದೆ.

"ಸಂಬಂಧ ಇಲ್ಲ ಅಂದ್ರ ಹ್ಯಾಂಗ? ದಿನಾ ಸಂಜೀಕ ಬಸ್ಸಿನ ಹಿಂದಿನ ಸೀಟಿನ ತನಕ ಹೋಗಿ ನೋಡ್ತೀನಲ್ಲ, ಅದು ಕಂಪನಿ ರೂಲೂ ಹೌದು, ನನ್ನ ದೇವರ ರೂಲೂ ಹೌದು. ಒಬ್ಬರೂ ಹಿಂದ ಉಳೀಬಾರದು. ನನ್ನ ದೇವರನ್ನ ಮನ್ಯಾಗ ಬಿಟ್ಟು ಬಾ ಅಂದ್ರ, ಈ ಬಗ್ಗಿ ನೋಡಾಕೀನೂ ಬಿಟ್ಟು ಬರಬೇಕಾಗ್ತೈತಿ. ಅದಕ್ಕ ತಿಳಕೊಂಡು ವೋಟ್ ಹಾಕ್ರಿ. ಗಣಪತಿ ಮುಂದ ಮಣಿ ಮ್ಯಾಲ ನಾ ಕುಂದ್ರಂಗಿಲ್ಲ. ಮನಸಿನ್ಯಾಗ ಇಲ್ಲದ್ದು ಮಾಡಿದ್ರ ನನ್ನ ದೇವರಿಗೂ ಸುಳ್ಳು, ನಿಮ್ಮ ದೇವರಿಗೂ ಸುಳ್ಳು. ಹಾಲ್, ಪಾರ್ಕಿಂಗ್, ಕಡುಬು, ಮುದುಕ್ಯಾರನ್ನ ಮನೀ ಮುಟ್ಟಿಸೂದು, ಅಷ್ಟೂ ನನ್ನ ಕೆಲಸ."

ದೇಸಾಯಿ ಅಂಕಲ್ ಮೆಲ್ಲಗೆ ಕೇಳಿದರು, "ಹಂಗಾದ್ರ ಮಣೀ ಮ್ಯಾಲ ಯಾರು ಕೂಡೋದು?"

"ನೀವಽ ಕುಂದರ್ರಿ, ಸಾಹೇಬ್ರ! ಯಾರಿಗೆ ಭಕ್ತಿ ಐತಿ ಅವರು ಕುಂದ್ರಲಿ."

ಅಂಕಲ್ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಪಾರ್ಕಿಂಗಿನ ಬೈಗುಳವಿಲ್ಲದೆ ಮಣೆ! ಆ ಹೊಳಹು ಸಾಲಿಂದ ಸಾಲಿಗೆ ಹಬ್ಬಿತು. ಮಣೆ ಖಾಲಿಯಾಗುತ್ತಿದೆ! ಗಂಡಂದಿರನ್ನು ಹೆಂಡತಿಯರು ತಿವಿದರು. "ಹಿರಿಯರಿಗೆ ಮೊದಲು", "ಹೊಸ ಜೋಡಿಗೆ ಮೊದಲು", "ಚೀಟಿ ಎತ್ತೋಣ್ರೀ!" ಧರ್ಮ, ನಿಯಮಾವಳಿ, ನನ್ನ ಭಾಷಣ ಎಲ್ಲ ಆ ಗದ್ದಲದಲ್ಲಿ ತೇಲಿಹೋದವು. ಸುಮಿತ್ರಕ್ಕ ಭರ್ಜರಿಯಾಗಿ ಗೆದ್ದರು. ದೇಸಾಯಿ ಅಂಕಲ್ ತಮ್ಮ ವೋಟನ್ನೂ ಆಕೆಗೇ ಹಾಕಿದರೆಂದು ಸುದ್ದಿ. ಆಂಟಿ ಅಲ್ಲಗಳೆಯುತ್ತಾರೆ, ನಗುತ್ತಲೇ.

ಗೆದ್ದ ಸಂಭ್ರಮದ ನಡುವೆಯೇ ಆಕೆ ಎಂದಿನಂತೆ ಕೊನೆಯ ಸಾಲಿಗೆ ನಡೆದರು. ಅಲ್ಲಿ ಮುಖ ಊದಿಸಿಕೊಂಡು ಕೂತಿದ್ದವಳು ನಾನು.

"ನನ್ನ ವಾದಾನ ನೀವೇ ಹೊಡೆದು ಹಾಕಿದ್ರಲ್ಲ ಅಕ್ಕಾ!"

"ಏಳ ತಂಗಿ, ಹಾಲಿನ ಟೈಮ್ ಮುಗೀತು. ಅಲ್ಲವ್ವಾ, ಹೋದ ತಿಂಗಳ ನೀ ನನ್ನ ಬಗ್ಗೆ ಏನಂದಿದ್ದಿ? ಬಸ್ ಅಕ್ಕಂದು ಬರೇ ಬಾಯಿ, ದೇಸಾಯರಿಗೇ ಹಾಕ್ತೀನಿ ಅಂದಿದ್ದಿ ಅಲ್ಲ? ಚರ್ಚ್ ಅಂತ ಕೇಳಿದ್ದಽ ತಡ, ಓಡಿ ಬಂದಿ. ಇಡೀ ಹಾಲಿನ್ಯಾಗ ಬರೇ ಧರ್ಮ ನೋಡಿ ವೋಟ್ ಹಾಕಿದಾಕಿ ನೀ ಒಬ್ಬಾಕೀನ!"

ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರತಿವಾದಕ್ಕೆ ಬಾಯಿ ತೆರೆದೆ. ಏನೂ ಹೊರಡಲಿಲ್ಲ. ನನ್ನ ಚರ್ಚಾಜೀವನದಲ್ಲಿ ಅದೊಂದೇ ಸಲ.

ಆ ಚೌತಿಗೆ ಚೀಟಿ ಎತ್ತಿ ಮಣೆ ಹಂಚಿದೆವು. ಕಡುಬು ಸುಮಿತ್ರಕ್ಕನದೇ. ಎರಡು ವರ್ಷ ಒಬ್ಬ ಅಜ್ಜಿಯೂ ಉಳಿದುಹೋಗಲಿಲ್ಲ. ೨೦೧೯ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ದೂರದ ಸಸ್ಕಾಟೂನಿಗೆ ಹೋದವರು ಮೊಮ್ಮಗಳನ್ನು ಬಿಟ್ಟು ಬರಲಾರದೆ ಅಲ್ಲೇ ನಿಂತರು. ಈಗ ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿಗಳ ಕೆಳಗೆ ಬಗ್ಗಿ ನೋಡುವವಳು ನಾನು. ದೇವರ ರೂಲು ನನಗೆ ಗೊತ್ತಿಲ್ಲ, ಆದರೂ ಬಗ್ಗುತ್ತೇನೆ.

ಮತ್ತೆ ಚುನಾವಣೆ ಬಂದಿದೆ. ಮೊನ್ನೆ ಅವರಿಂದ ಫೋನು.

"ತಂಗಿ, ಈ ಸಲ ವಿನೋದಗ ಹಾಕು. ಟೈಮಿಗೆ ಬರ್ತಾನ, ಪಾರ್ಕಿಂಗ್ ಚಲೋ ಸಂಭಾಳಸ್ತಾನ, ಸಣ್ಣ ದನಿ ಆದ್ರೂ ಶಾಣ್ಯಾ ಅದಾನ."

ವಿನೋದ್ ನಮ್ಮ ಬಳಗದವರೇ, ಇಲ್ಲೇ ಹತ್ತಿರದ ಜಾರ್ಜ್‌ಟೌನಿನಲ್ಲಿರುವವರು. ಟೈಮಿಗೆ ಬರುವುದೂ ನಿಜ, ಶಾಣ್ಯಾ ಎನ್ನುವುದೂ ನಿಜ. ಸುಮಿತ್ರಕ್ಕ ಭಾನುವಾರ ಹೋಗುತ್ತಿದ್ದ ಚರ್ಚಿನಲ್ಲಿ ಅವರು ಗಿಟಾರ್ ನುಡಿಸುತ್ತಾರೆ ಎನ್ನುವುದೂ ನಿಜ. ಅಂದಿನಿಂದ ಕಾದಿದ್ದ ಪ್ರತಿವಾದ ತಾನಾಗಿ ನಾಲಿಗೆಗೆ ಬಂತು. ಆ ಕಡೆ ಮೊಮ್ಮಗಳು ಕಿರುಚುತ್ತಿತ್ತು, ಕುಕ್ಕರು ಕೂಗುತ್ತಿತ್ತು, ಸುಮಿತ್ರಕ್ಕ ಆಗಲೇ ನಗಲು ಶುರುಮಾಡಿದ್ದರು.

"ಅಕ್ಕಾ, ನಿಜ ಹೇಳಿ. ವಿನೋದ್ ನಿಮ್ಮ ಚರ್ಚಿನವರಲ್ಲದಿದ್ರೆ ಈ ಫೋನು ಮಾಡ್ತಿದ್ರಾ?"