ಬೋನಿಸಿಲೆ ತಪ್ಪಾಗಿ ಕೇಳಿದ ಪ್ರಶ್ನೆ

ಕರಿಯರಾದ ನಾವು ಟೈರು ಸುಟ್ಟು, ಗುಂಡು ತಿಂದು ನಮ್ಮ ಮಕ್ಕಳಿಗೂ ತೆರೆಸಿದ ಬಿಳಿಯರ ವಿಶ್ವವಿದ್ಯಾಲಯಕ್ಕೆ ಡರ್ಬನ್ನಿನ ಪಕ್ಕದ ಉಮ್ಲಾಜಿಯ ನಮ್ಮ ಬೀದಿಯಿಂದ ಹೋದವಳು ಬೋನಿಸಿಲೆ. ಮನಸ್ಸಿನ ಕಾಯಿಲೆ, ಬೇರೆ ಬೇರೆ ಜನರ ರೀತಿನೀತಿ, ಎರಡನ್ನೂ ಸೇರಿಸಿ ಕಲಿಸುವ ಎಂ.ಎ. ಓದುತ್ತ ಆಸ್ಪತ್ರೆಯಲ್ಲಿ ತರಬೇತಿಗಿದ್ದಳು.

ಅಲ್ಲಿಗೆ ಪೊಲೀಸರು ಗುಡ್ಡದ ಹಳ್ಳಿಯಿಂದ ಮಾಸೊಂಟೊ ಎಂಬ ವಿಧವೆಯನ್ನು ತಂದರು. ಚಾಟಿಯೇಟಿಗೆ ಬೆನ್ನಿನ ಚರ್ಮ ಸುಲಿದಿತ್ತು. ಹೊಡೆದವನ ಹೆಸರನ್ನು ಬೋನಿಸಿಲೆ ಕೇಳಿದರೆ ನೆಲ ನೋಡುತ್ತಿದ್ದಳು, ತುಟಿ ಬಿಚ್ಚಲಿಲ್ಲ. 'ಆಘಾತದಿಂದ ನೆನಪು ಹೋಗಿದೆ' ಎಂದು ಬೋನಿಸಿಲೆ ಬರೆದಳು. ಹೆಸರಿಲ್ಲ, ಹಾಗಾಗಿ ಕೇಸಿಲ್ಲ. ಗಾಯ ಒಣಗಿದ ಮೇಲೆ ಮಾಸೊಂಟೊಳನ್ನು ಹಳ್ಳಿಯ ಅದೇ ಗಂಡನ ಮನೆಗೆ ಬಿಟ್ಟುಬಂದರು.

ತಿಂಗಳೊಳಗೆ ಮತ್ತೆ ತಂದರು. ಪಕ್ಕೆಲುಬು ಮುರಿದಿತ್ತು, ಎಡಗಣ್ಣು ಹೋಗಿತ್ತು.

ಅಂದು ಸಂಜೆ ತಟ್ಟೆಯ ಪುಟು, ಮೆಕ್ಕೆಜೋಳದ ಹಿಟ್ಟಿನ ಉಂಡೆ, ಮುಟ್ಟದೆ ಕೂತ ಮಗಳನ್ನು ತಾಯಿ ವಿಚಾರಿಸಿದಳು.

"ಗಂಡನ ಮನೇಲಿ ಏಟು ತಿಂದ ವಿಧವೆ ಅವ್ವ. ಹೊಡೆದವನ ಹೆಸರು ಕೇಳಿದ್ರೆ ಅವಳಿಗೆ ಏನೂ ನೆನಪಿಲ್ಲ."

"ನೆನಪಿಲ್ವಂತೆ! ಮಾವನ ಹೆಸರನ್ನ ಯಾವ ಸೊಸೆ ಹೇಳ್ತಾಳೇ? ನಿನ್ನ ತಾತನ ಹೆಸರು ನನ್ನ ಬಾಯಲ್ಲಿ ಯಾವತ್ತಾದ್ರೂ ಕೇಳಿದೀಯಾ? ಅಷ್ಟು ಓದಿ ತಲೆಯೊಳಗೂ ಪುಟುನೇ ತುಂಬ್ಕೊಂಡಿದೀಯ."

ಬೆಳಿಗ್ಗೆ ಬೋನಿಸಿಲೆ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಹೆಸರು ಬೇಡ ಅಕ್ಕಾ. ನೀನು ಹೆಸರು ಹಿಡಿಯಬಾರದ ಮನುಷ್ಯನೇ ಹೊಡೆದಿದ್ದಾ?"

"ಹೂಂ, ಅವರೇ. ಮೈದುನನ್ನ ಕಟ್ಕೋ ಅಂದ್ರು, ಒಲ್ಲೆ ಅಂದೆ. ಹೀಗೆ ಮೊದಲೇ ಕೇಳಬಾರದಿತ್ತಾ ತಂಗಿ?"

ಹೇಳಿಕೆ ಪೊಲೀಸರ ಕೈ ಸೇರಿತು. ಅವರು ಜೀಪು ಹೊರಡಿಸುವ ಮೊದಲೇ ಸುದ್ದಿ ತಿಳಿದ ಮಾವ ಗುಂಡುತಲೆಯ ದೊಣ್ಣೆ ಹಿಡಿದು ವಾರ್ಡಿಗೆ ನುಗ್ಗಿದ.

"ನಮ್ಮನೆ ಹೆಂಗಸು ಅವಳು. ದಾರಿ ಬಿಡು ಹುಡುಗಿ."

"ಬಿಡಲ್ಲ ಯಜಮಾನ್ರೇ."

ದೊಣ್ಣೆ ಬಿತ್ತು. ಬೋನಿಸಿಲೆಯ ಮುಂಗೈ ಮೂಳೆ ಕಟಕ್ಕೆಂದಿತು. ಇನ್ನೊಂದು ಏಟು ಹೆಗಲಿಗೆ. ನೆಲಕ್ಕುರುಳಿದವಳು ಮುದುಕನ ಕಾಲು ತಬ್ಬಿ ಮೀನಖಂಡಕ್ಕೆ ಹಲ್ಲೂರಿದಳು. ಕಾವಲಿನವರು ಬರುವವರೆಗೂ ಬಿಡಲಿಲ್ಲ. ಬಾಯ ತುಂಬ ಅವನ ರಕ್ತ.

ಮಾವ ಜೈಲಿಗೆ ಹೋದ. ಮಾಸೊಂಟೊ ಆ ಮನೆಗೆ ಮರಳಲಿಲ್ಲ. ತಂಗಿಯ ಜೊತೆ ಡರ್ಬನ್ನಿನಲ್ಲಿದ್ದಾಳೆ, ಒಂಟಿಗಣ್ಣಲ್ಲೇ ಬಟ್ಟೆ ಹೊಲಿಯುತ್ತಾಳೆ.

ಪ್ರೊಫೆಸರರು ಮಾತ್ರ ಬೋನಿಸಿಲೆಯನ್ನು ಕರೆಸಿ, "ರೋಗಿಯಿಂದ ಅಂತರ ಕಾಯ್ದುಕೋಬೇಕು ಅನ್ನೋದು ಮೊದಲ ಪಾಠ. ನೀನು ಕಾಯ್ಕೊಳ್ಳಲಿಲ್ಲ" ಎಂದರು.

"ಮೊದಲ ಸಲ ಕಾಯ್ಕೊಂಡೆ ಸರ್. ಅವಳ ಕಣ್ಣು ಹೋಯ್ತು."

ಅವಳನ್ನು ಫೇಲು ಮಾಡಿದರು. ಈ ವರ್ಷ ಅದೇ ತರಗತಿಗೆ ಮತ್ತೆ ಹೋಗುತ್ತಿದ್ದಾಳೆ.