ಮೊದಲ ಮೂಟೆ

ಕೊಳ್ಳೇಗಾಲದ ಮಂಡಿಯಲ್ಲಿ ಹಮಾಲಿಗಳ ಮೇಸ್ತ್ರಿಯಾಗಲು ಬೇಕಾದದ್ದು ಒಂದೇ ಅರ್ಹತೆ. ಲಾರಿ ಬಂದು ನಿಂತರೆ ಮೊದಲ ಮೂಟೆ ಅವನ ಹೆಗಲಿಗೇ ಏರಬೇಕು. ಅವನು ಅದನ್ನು ಇಳಿಸಿ ಬರುವವರೆಗೆ ಉಳಿದವರು ಬೀಡಿ ಸೇದುತ್ತ ನಿಲ್ಲಬಹುದು. ಹನ್ನೊಂದು ವರ್ಷದಿಂದ ಆ ಮೂಟೆ ಮಾದಸ್ವಾಮಿಯ ಬಲಹೆಗಲಿನದು. ಓದಿಲ್ಲ, ಜಮೀನಿಲ್ಲ, ಮಾತೂ ಅಷ್ಟಕ್ಕಷ್ಟೆ. ಅವನ ಆಸ್ತಿಯೆಲ್ಲ ಆ ಹೆಗಲೇ. ಹೆಂಡತಿ ಬಸವಮ್ಮ ಅದಕ್ಕೆ ಹರಳೆಣ್ಣೆ ತಿಕ್ಕುವಾಗ, "ಎತ್ತಿಗೂ ಯಾರೂ ಇಷ್ಟೊಂದು ತಿಕ್ಕಾಕಿಲ್ಲ ಕಣ್ರಿ" ಎನ್ನುತ್ತಿದ್ದಳು.

ಅರವತ್ತರ ದಶಕದ ಒಂದು ಚುನಾವಣೆಯಲ್ಲಿ ಮಂಡಿ ಸಾಹುಕಾರರಾದ ಸದಾಶಿವಪ್ಪನವರು ಪಾರ್ಲಿಮೆಂಟಿಗೆ ನಿಂತು ದಿಲ್ಲಿಗೆ ಹೊರಟರು. ಹಮಾಲಿಗಳೆಲ್ಲ ಅವರ ಕಡೆ. ಮಾದಸ್ವಾಮಿಯೂ ಬಾವುಟ ಹಿಡಿದು ಗಂಟಲು ಹರಿದುಕೊಂಡವನೇ. ದೇಶ ಆಳುವವನಿಗೆ ಏನಿರಬೇಕೆಂದು ಟೀ ಅಂಗಡಿಯಲ್ಲಿ ದಿನಾ ಚರ್ಚೆ. ಎತ್ತರ ಇರಬೇಕೆಂದರು ಕೆಲವರು, ಇಂಗ್ಲಿಷ್ ಬರಬೇಕೆಂದರು ಕೆಲವರು. ಸದಾಶಿವಪ್ಪನವರಿಗೆ ಅವೆರಡೂ ಇರಲಿಲ್ಲವಾದ್ದರಿಂದ, ಗಂಟಲು ದೊಡ್ಡದಿದ್ದರೆ ಸಾಕೆಂದು ತೀರ್ಮಾನವಾಯಿತು.

ಆ ಗಂಟಲೇ ಒಂದು ಮಧ್ಯಾಹ್ನ ಹನೂರು ಕಡೆಯಿಂದ ಬಂದ ಎದುರು ಪಕ್ಷದ ಮೆರವಣಿಗೆಯನ್ನು ಕೆಣಕಿತು. ಕಲ್ಲು ಬಿತ್ತು, ದೊಣ್ಣೆ ಬಂತು. ಒಬ್ಬನ ಹಲ್ಲು ಉದುರಿತು, ಇನ್ನೊಬ್ಬನ ಕಿವಿ ಹರಿಯಿತು. ಮೆರವಣಿಗೆಯಲ್ಲಿ ಬಂದಿದ್ದ ಹೂಗ್ಯಂ ಊರಿನ ಬಿಳಿಗಿರಿ ಬೀಸಿದ ಕಲ್ಲಿಗೆ ಸದಾಶಿವಪ್ಪನವರ ತಮ್ಮನ ಹಣೆ ಸೀಳಿ, ಬಿಳಿ ಅಂಗಿ ಕೆಂಪಾಯಿತು. ಬಿಳಿಗಿರಿಯೂ ಜೊತೆಯ ಮೂವರೂ ಓಡಿ ಕಡಲೆಕಾಯಿ ಗೋದಾಮು ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡರು.

ನೂರು ಜನ ಗೋದಾಮನ್ನು ಸುತ್ತಿದರು. ಯಾರೋ ಬಾಗಿಲಿಗೆ ಸೀಮೆಎಣ್ಣೆ ಸುರಿದರು. "ಬುಟ್ಬುಡ್ರಪ್ಪೋ!" ಎಂದು ಒಳಗಿನಿಂದ ಕೂಗು. ಜೀಪಿನ ಮೇಲೆ ನಿಂತಿದ್ದ ಸದಾಶಿವಪ್ಪನವರು, "ಬೆಂಕಿ ಇಕ್ರಲಾ! ಒಬ್ನೂ ಉಳೀಬಾರ್ದು!" ಎಂದರು.

ಮಾದಸ್ವಾಮಿ ಜನರನ್ನು ನೂಕಿಕೊಂಡು ಹೋಗಿ, ಒದ್ದೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಏನ್ಲಾ ಮೇಸ್ತ್ರಿ, ಸರಿ ಅತ್ಲಾಗಿ!" ಎಂದು ಜೀಪಿನ ಮೇಲಿಂದ ಗದರಿದರು ಸದಾಶಿವಪ್ಪನವರು.

"ಬುದ್ಧಿ, ನಮ್ ಕೆಲ್ಸದಲ್ಲಿ ಎತ್ತಿ ಅಂದೋನೇ ಮೊದಲ್ನೇ ಮೂಟೆ ಎತ್ತಬೇಕು. ಬೆಂಕಿ ಇಕ್ಕಿ ಅಂದೋರು ನೀವು. ಇಳ್ದು ಬಂದು ಮೊದಲ್ನೇ ಕಡ್ಡಿ ನೀವೇ ಗೀರಿ. ನಾ ಇಲ್ಲೇ ನಿಂತಿರ್ತೀನಿ."

ಸದಾಶಿವಪ್ಪನವರು ಅತ್ತಿತ್ತ ನೋಡಿದರು. "ನಾನು ದೇಶಕ್ಕೆ ಬೇಕಾದೋನು ಕಣ್ಲಾ!"

"ಹಂಗಾರೆ ನಾವೇನ್ ಸೌದೆನಾ ಸಾ?" ಎಂದ ಹಮಾಲಿ ಜಡೇಸ್ವಾಮಿ. ಯಾರೋ ಕಿಸಕ್ಕನೆ ನಕ್ಕರು. ಮೊದಲ ಮೂಟೆ ಏಳದೆ ಕೈ ಹಾಕಿ ಅಭ್ಯಾಸವಿಲ್ಲದ ಹಮಾಲಿಗಳು ಕೈಕಟ್ಟಿ ನಿಂತುಬಿಟ್ಟರು.

ಹಣೆ ಒಡೆದುಕೊಂಡಿದ್ದ ತಮ್ಮನಿಗೆ ಮಾತ್ರ ನಗು ಬರಲಿಲ್ಲ. ಕಬ್ಬಿಣದ ಸಲಾಕೆ ಹಿಡಿದು ನುಗ್ಗಿ ಮಾದಸ್ವಾಮಿಯ ಬಲಹೆಗಲಿಗೇ ಇಳಿಸಿದ. ಮೂಳೆ ಮುರಿದ ಸದ್ದು ಜೀಪಿನವರೆಗೂ ಕೇಳಿಸಿತು. ಎರಡನೇ ಪೆಟ್ಟೂ ಅಲ್ಲಿಗೇ. ಮಾದಸ್ವಾಮಿ ಮೊಣಕಾಲೂರಿದನೇ ಹೊರತು ಬಾಗಿಲು ಬಿಡಲಿಲ್ಲ. ಮೂರನೇ ಪೆಟ್ಟು ಬೀಳುವ ಮುಂಚೆ ಜಡೇಸ್ವಾಮಿ ಸಲಾಕೆ ಕಸಿದುಕೊಂಡ. ಪೊಲೀಸ್ ವ್ಯಾನು ಬಂದು ಒಳಗಿದ್ದ ನಾಲ್ವರನ್ನೂ ಜೀವಂತ ಹೊರತೆಗೆಯಿತು.

ಚುನಾವಣೆಯಲ್ಲಿ ಸದಾಶಿವಪ್ಪನವರೇ ಗೆದ್ದರು. ವಿಜಯದ ಮೆರವಣಿಗೆ ನಿಲ್ಲಿಸಿ ಮೇಸ್ತ್ರಿಗೂ ಒಂದು ಹಾರ ಹಾಕಿದರು. ಚೆಂಡುಹೂವಿನ ಭಾರಕ್ಕೇ ಅವನು ಹಲ್ಲು ಕಚ್ಚಿದ.

ಮೂರು ತಿಂಗಳ ಮೇಲೆ ಮಾದಸ್ವಾಮಿ ಲಾರಿಗೆ ಬೆನ್ನು ಕೊಟ್ಟು ಬಾಗಿದ. ಮೂಟೆ ಇಳಿಯಿತು, ಹೆಗಲು ಕುಸಿಯಿತು. ಮೂಟೆ ಒಡೆದು ಕಡಲೆಕಾಯಿ ರಸ್ತೆಯೆಲ್ಲ ಚೆಲ್ಲಿತು.

"ನೀ ನಿಂತ್ಕಂಡು ಅಪ್ಪಣೆ ಕೊಡು ಮೇಸ್ತ್ರಿ, ಮೂಟೆ ನಾವ್ ಎತ್ಕತೀವಿ," ಎಂದ ಜಡೇಸ್ವಾಮಿ.

"ಬರೀ ಅಪ್ಪಣೆ ಕೊಡಾಕೆ ದಿಲ್ಲೀಲಿ ಸದಾಶಿವಪ್ಪೋರು ಅವ್ರೆ ಕಣ್ಲಾ."

ಸೊಂಟಕ್ಕೆ ಸಿಕ್ಕಿಸಿದ್ದ, ಮೂಟೆ ಎಳೆಯುವ ಮೇಸ್ತ್ರಿಯ ಕೊಕ್ಕೆ ತೆಗೆದು ಜಡೇಸ್ವಾಮಿಯ ಕೈಗಿಟ್ಟ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಕಡಲೆಕಾಯಿ ಆಯತೊಡಗಿದ.