ಗಂಗಲಕ್ಷ್ಮಮ್ಮನ ಸಾಸಿವೆ ದಿಂಬು

ಸಿ.ಎಸ್. ಪುರದ ಸುತ್ತ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಗಂಗಲಕ್ಷ್ಮಮ್ಮ ಸಾಸಿವೆ ತುಂಬಿದ ಪುಟ್ಟ ದಿಂಬು ಹೊಲಿದು ಕೊಡುತ್ತಿದ್ದರು. ಅದರ ಮೇಲೆ ಮಲಗಿದ ಮಗುವಿನ ತಲೆ ದುಂಡಗಾಗುತ್ತದೆಂದು ಅವರ ನಂಬಿಕೆ. ಎದುರು ಸಿಕ್ಕವರ ಮುಖಕ್ಕಿಂತ ಮೊದಲು ತಲೆ ನೋಡಿ, "ಇದು ನಮ್ದೇ ದಿಂಬು" ಎಂದು ಗುರುತಿಸುತ್ತಿದ್ದರು.

ಮಗಳು ಇಂಪನಾ ಬಾಣಂತನಕ್ಕೆ ಬಂದಾಗ ಮೊಮ್ಮಗನಿಗೂ ಒಂದು ದಿಂಬು ಸಿದ್ಧವಾಗಿತ್ತು. ಮನೆಗೆ ಬಂದ ಆಶಾ ಕಾರ್ಯಕರ್ತೆ ತನುಶ್ರೀ ಅದನ್ನು ಎತ್ತಿ ಪಕ್ಕಕ್ಕಿಟ್ಟಳು.

"ದಿಂಬು ಬೇಡ ಗಂಗಮ್ಮತ್ತೆ. ದಪ್ಪ ರಗ್ಗೂ ಬೇಡ. ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗ್ಸಿ. ಪಕ್ಕದಲ್ಲಿ ನೀವು ಮಲ್ಕೋಬೇಡಿ."

"ನಿನ್ ತಲೆ ಹಿಂಗೆ ದುಂಡಗಿರೋದು ಯಾರಿಂದ ಅನ್ಕಂಡಿದೀಯ?"

"ಅದು ಸರಿ, ಆದ್ರೆ ಒಳಗಿರೋ ಬುದ್ಧಿ ಟ್ರೈನಿಂಗಲ್ಲಿ ಬಂದಿದ್ದು."

ಗಂಗಲಕ್ಷ್ಮಮ್ಮ ನಕ್ಕು, ಕಾಫಿ ಕೊಟ್ಟು ಕಳಿಸಿದರು. ತನುಶ್ರೀ ಬೀದಿಯ ತಿರುವು ದಾಟುವಷ್ಟರಲ್ಲಿ ದಿಂಬು ಮತ್ತೆ ಮಗುವಿನ ತಲೆಯ ಕೆಳಗಿತ್ತು.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ಇಂಪನಾ ಸ್ನಾನಕ್ಕೆ ಹೋಗಿದ್ದಳು. ಮಗು ಕಾಯುತ್ತೇನೆಂದು ಪಕ್ಕದಲ್ಲಿ ಒರಗಿದ ಗಂಗಲಕ್ಷ್ಮಮ್ಮನಿಗೆ, ಮುದ್ದೆ ಉಂಡ ಹೊಟ್ಟೆ, ಕಣ್ಣು ಹತ್ತಿತು. ಎಚ್ಚರವಾದದ್ದು ಗೊರಗೊರ ಸದ್ದಿಗೆ. ಮಗು ದಿಂಬಿನಿಂದ ಜಾರಿತ್ತು. ದಿಂಬಿಗೂ ರಗ್ಗಿಗೂ ನಡುವೆ ಮೂಗು ಹೂತುಹೋಗಿತ್ತು. ಬಾಚಿ ಎತ್ತಿದರು. ಒಂದು ಗಳಿಗೆ ಸುಮ್ಮನಿದ್ದ ಕೂಸು ಸೀನಿ, ಆಮೇಲೆ ಊರಿಗೇ ಕೇಳುವಂತೆ ಅತ್ತಿತು. ಆ ಅಳುವಿನಷ್ಟು ಇಂಪಾದದ್ದನ್ನು ಅವರು ಕೇಳಿರಲೇ ಇಲ್ಲ.

"ಯಾಕಮ್ಮ, ನೀನೂ ಅಳ್ತಿದೀಯ?" ಎಂದಳು ತಲೆಗೆ ಟವೆಲ್ ಸುತ್ತಿಕೊಂಡು ಓಡಿಬಂದ ಇಂಪನಾ.

"ನನ್ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದು ನಡೆದದ್ದನ್ನೆಲ್ಲ ಹೇಳಿದರು.

ಮಾರನೆಯ ದಿನ ಮಗುವನ್ನು ತಾಯಿಯ ಬಳಿ ಬಿಟ್ಟು ಬಸ್ಸು ಹತ್ತಿದರು. ಆ ವರ್ಷ ಅವರು ಕೊಟ್ಟಿದ್ದ ದಿಂಬುಗಳು ಐದು: ಊರಲ್ಲಿ ಮೂರು, ಗುಬ್ಬಿಯಲ್ಲೊಂದು, ಹೆಬ್ಬೂರಲ್ಲೊಂದು. ಕೊಟ್ಟ ಉಡುಗೊರೆ ವಾಪಸು ಕೇಳುವುದು ಸುಲಭವಲ್ಲ. ಗುಬ್ಬಿಯ ಮನೆಯ ಯಜಮಾನ ವೆಂಕಟರಂಗಯ್ಯ, "ಯಾಕಮ್ಮ, ಒಗ್ಗರಣೆಗೆ ಸಾಸಿವೆ ಸಾಲ್ದೇ ಹೋಯ್ತಾ?" ಎಂದು ಕಿಚಾಯಿಸಿದರು.

"ನಗಿ ಬುಡಿ. ನಮ್ ಮೊಮ್ಮಗ ನೆನ್ನೆ ಉಸಿರು ಕಟ್ಟಿ ಹೋಗ್ತಿದ್ದ, ನಾನು ಪಕ್ಕದಲ್ಲೇ ಗೊರಕೆ ಹೊಡೀತಿದ್ದೆ," ಎಂದಾಗ ಅವರ ನಗು ನಿಂತಿತು. ತಾವೇ ಒಳಗೆ ಹೋಗಿ ದಿಂಬು ತಂದುಕೊಟ್ಟರು.

ಈಗ ಗಂಗಲಕ್ಷ್ಮಮ್ಮ ತನುಶ್ರೀಗಿಂತ ಕಟ್ಟುನಿಟ್ಟು. ಹೋದ ತಿಂಗಳು ನೆಂಟರ ಮನೆಯ ನಾಮಕರಣದಲ್ಲಿ, ಮಗು ಮಲಗಿಸುವ ಮೊದಲು ತೊಟ್ಟಿಲಲ್ಲಿದ್ದ ಗೊಂಬೆ, ಕರಡಿ, ಜರಿ ಶಾಲನ್ನೆಲ್ಲ ಎತ್ತಿ ಸೋದರತ್ತೆಯ ಮಡಿಲಿಗೆ ಹಾಕಿದರು. ಫೋಟೋ ತೆಗೆಯುವವನು, "ತೊಟ್ಲು ಬೋಳಾಗ್ ಕಾಣ್ತದೆ ಅಜ್ಜಿ," ಎಂದು ಗೊಣಗಿದ.

"ಮಗು ಕಾಣ್ತದಲ್ಲ? ಅದ್ನ ತೆಗಿ," ಎಂದರು.